ಬಿರುಮಳೆ ದಿನ ಫೋರ್‌ಕಾಸ್ಟರ್ ಕೈಗೆ 3 ಕಿಮೀ ಮಾಡೆಲ್: ಸೆಟಪ್‌ನಿಂದ ವಾಟ್ಸಾಪ್ ಮೆಸೇಜ್‌ವರೆಗೆ ಪೂರ್ತಿ ಗೈಡ್

ಮೇ ತಿಂಗಳ ಒಂದ್ ಮಧ್ಯಾಹ್ನ, ಟೈಮು ಎರಡೂವರೆ, ಬೆಂಗಳೂರಲ್ಲಿ ಬಿಸಿಲು ನೆತ್ತಿ ಸುಡ್ತಿದೆ, ತುಮಕೂರು ಕಡೆ ಹೂಕೋಸಿನ ಥರ ಮೋಡ ಏಳ್ತಿದೆ, ಫೋರ್‌ಕಾಸ್ಟರ್ ಟೇಬಲ್ ಮೇಲೆ ಫೋನು ಬಾಯಿ ಮುಚ್ತಾನೇ ಇಲ್ಲ. ಆ ಟೈಮಲ್ಲಿ ಹೋಗಿ "ನಮ್ ಮಾಡೆಲ್ದು ನಲವತ್ತು ಮ್ಯಾಪ್ ಇದೆ ಸಾರ್, ನೋಡಿ" ಅಂದ್ರೆ ಅವರು ನೋಡಲ್ಲ, ನೋಡ್ಲೂಬಾರ್ದು. ಡಬ್ಲ್ಯುಆರ್‌ಎಫ್ ಅನ್ನೋ ಮಾಡೆಲ್ (ಮುಂದಿನ ಹವಾಮಾನ ಲೆಕ್ಕ ಹಾಕೋ ಕಂಪ್ಯೂಟರ್ ಪ್ರೋಗ್ರಾಂ) ಫ್ರೀಯಾಗಿ ಸಿಗತ್ತೆ, ಒಂದ್ ಒಳ್ಳೆ ವರ್ಕ್‌ಸ್ಟೇಷನ್ ಇದ್ರೆ ಯಾರ್ ಬೇಕಾದ್ರೂ ಓಡಿಸ್ಬೋದು, ಕಾಲೇಜುಗಳಲ್ಲಿ ಓಡಿಸೋ ಹುಡುಗ್ರು ಈಗ ಬೇಜಾನ್ ಇದಾರೆ. ಆದ್ರೆ ಓಡಿದ ಮಾಡೆಲ್ಲು ಸರಿಯಾದ ಟೈಮಿಗೆ ಸರಿಯಾದ ಪ್ರಶ್ನೆಗೆ ನಾಲ್ಕು ಸಾಲಲ್ಲಿ ಉತ್ರ ಆಗಿ ಆ ಟೇಬಲ್ ತಲುಪೋದು ಬಹಳ ಕಮ್ಮಿ. ಈ ಗೈಡು ಅದರ ಬಗ್ಗೆ. ಇನ್‌ಸ್ಟಾಲ್ ಮಾಡೋದು ಹೇಗೆ ಅನ್ನೋದಕ್ಕೆ ಬೇರೆ ಕಡೆ ಸಾಕಷ್ಟಿದೆ, ಇಲ್ಲಿ ಹೇಳಲ್ಲ.

ಶುರು ಮಾಡೋಕ್ ಮುಂಚೆ ಒಂದ್ ಮಾತು. ನಮ್ ದೇಶದಲ್ಲಿ ಹವಾಮಾನದ ಎಚ್ಚರಿಕೆ ಕೊಡೋದು ಐಎಂಡಿ (ಭಾರತೀಯ ಹವಾಮಾನ ಇಲಾಖೆ) ಕೆಲ್ಸ, ಹಳದಿ ಕಿತ್ತಳೆ ಕೆಂಪು ಬಣ್ಣ ಹಚ್ಚೋದು ಅವರು. ಕರ್ನಾಟಕದಲ್ಲಿ ಜೊತೆಗೆ ಯಲಹಂಕದ ಕೆಎಸ್‌ಎನ್‌ಡಿಎಂಸಿ (ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ) ಇದೆ. ನಿಮ್ ಮಾಡೆಲ್ಲು ಅವರಿಗೆ ಇನ್ನೊಂದು ಜೊತೆ ಕಣ್ಣು ಅಷ್ಟೆ. ಕೆಂಪು ಬಳ್ಕೊಂಡಿರೋ ಮ್ಯಾಪ್ ಒಂದನ್ನ ನೇರ ಪಬ್ಲಿಕ್‌ಗೆ ಬಿಟ್ಟು ಜನರನ್ನ ಹೆದರಿಸೋ ಆಸೆ ಇದ್ರೆ ದಯವಿಟ್ಟು ಇಲ್ಲೇ ನಿಲ್ಸಿ.

"ಅವರ ಹತ್ರಾನೇ ಮಾಡೆಲ್ ಇದೆಯಲ್ಲ, ನಮ್ದ್ಯಾಕೆ?" ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಐಎಂಡಿ 3 ಕಿಮೀ ಡಬ್ಲ್ಯುಆರ್‌ಎಫ್ (ನೆಲನ 3 ಕಿಮೀ ಚೌಕ ಮಾಡಿ ಲೆಕ್ಕ ಹಾಕೋದು) ಓಡಿಸತ್ತೆ, ನೋಯ್ಡಾದ ಎನ್‌ಸಿಎಂಆರ್‌ಡಬ್ಲ್ಯುಎಫ್ ಅನ್ನೋ ಮುನ್ಸೂಚನೆ ಕೇಂದ್ರದ ಹತ್ರ 4 ಕಿಮೀದು ಇದೆ, ಪುಣೆಯ ಐಐಟಿಎಂ (ಹವಾಮಾನ ಸಂಶೋಧನಾ ಸಂಸ್ಥೆ) ಮಾಡಿದ 6 ಕಿಮೀ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 2025ರ ಮೇ ತಿಂಗಳಲ್ಲಿ ಬಂತು. ಅವರ ಸೂಪರ್‌ಕಂಪ್ಯೂಟರ್ ಎದ್ರು ನಮ್ ಡಬ್ಬ ಏನೂ ಅಲ್ಲ. ಆದ್ರೆ ಅವೆಲ್ಲ ಇಡೀ ದೇಶಕ್ಕೆ ಅಂತ ಮಾಡಿದ್ದು, ನಮ್ಮೂರಿನ ಒಂದೇ ಪ್ರಶ್ನೆಗೆ ನಾಲ್ಕೈದು ರನ್ (ಮಾಡೆಲ್ ಒಂದ್ ಸಲ ಓಡಿಸಿದ್ರೆ ಒಂದ್ ರನ್) ಹಾಕಿ ತಾಳೆ ನೋಡೋದು, ನಮ್ಮೂರಿನ ಇವತ್ತಿನ ಕಟ್ಟಡ, ಕೆರೆ ಎಲ್ಲಾ ಸೇರ್ಸಿ ಓಡ್ಸೋದು, ನಮಗೆ ಬೇಕಾದ ಗಂಟೆಗೆ ಓಡ್ಸೋದು ಇವು ಲೋಕಲ್‌ನವರು ಮಾಡ್ಬೇಕಾದ ಕೆಲ್ಸ.

ಸ್ಟೆಪ್ 1: ಪ್ರಶ್ನೆ ಮೊದ್ಲು ಬರ್ಕೊಳ್ಳಿ

ಫೋರ್‌ಕಾಸ್ಟರ್ ಜೊತೆ ಸೀಸನ್ನಿಗೆ ಮುಂಚೆ, ಅಂದ್ರೆ ಫೆಬ್ರವರಿಲೇ, ಒಂದ್ ಕಪ್ ಕಾಫಿಗೆ ಕೂತ್ಕೊಳ್ಳಿ. ಮಳೆ ದಿನ ನಿಮಗೆ ಏನ್ ಗೊತ್ತಾಗ್ಬೇಕು ಅಂತ ಕೇಳಿ. ನಾನು ಕೇಳ್ದಾಗ ಬಂದ ಉತ್ರ ಮಳೆ ಎಷ್ಟು ಅನ್ನೋದಲ್ವೇ ಅಲ್ಲ. ಎಷ್ಟೊತ್ತಿಗೆ ಶುರು, ಬಿಡಿ ಬಿಡಿ ಮೋಡಾನಾ ಇಲ್ಲ ಸಾಲಾಗಿ ಬರತ್ತಾ, ಗಾಳಿ ಮರ ಬೀಳಿಸೋಷ್ಟಿದೆಯಾ, ಒಂದ್ ರೌಂಡ್ ಮುಗಿದ್ಮೇಲೆ ಇನ್ನೊಂದ್ ರೌಂಡ್ ಇದೆಯಾ, ಇಷ್ಟೇ. ಬೆಂಗಳೂರಿಗೆ ಗಂಟೆಗೆ 50 ಮಿಮೀ ಬೇರೆ ಕಥೆ, ದಿನಕ್ಕೆ 50 ಮಿಮೀ ಬೇರೆ ಕಥೆ, ಮೊದಲನೇದಕ್ಕೆ ಅಂಡರ್‌ಪಾಸ್ ತುಂಬತ್ತೆ, ಎರಡನೇದಕ್ಕೆ ರಸ್ತೆ ಒದ್ದೆ ಆಗತ್ತೆ ಅಷ್ಟೆ. ಮಂಗಳೂರು, ಉಡುಪಿಯವರಿಗೆ ಜುಲೈಲಿ ದಿನಕ್ಕೆ 50 ಮಿಮೀ ಅಂದ್ರೆ ಅದು ಮಾಮೂಲಿ ಮಳೆ. ಹಾಗಾಗಿ ಯಾವ ಊರಿಗೆ ಯಾವ ಮಿತಿ ಅನ್ನೋದನ್ನ ಅವರ ಬಾಯಲ್ಲೇ ಹೇಳ್ಸಿ ಬರ್ಕೊಳ್ಳಿ.

ಸ್ಟೆಪ್ 2: ಗಡಿಯಾರ

ಎಷ್ಟೇ ಒಳ್ಳೆ ಮಾಡೆಲ್ ಆಗ್ಲಿ, ಮಳೆ ಬಂದ್ಮೇಲೆ ರನ್ ಮುಗಿದ್ರೆ ಅದು ಇತಿಹಾಸ. ಗಡಿ ಡೇಟಾಗೆ (ನಮ್ ಏರಿಯಾದ ಅಂಚಿಂದ ಒಳಗೆ ಬರೋ ಗಾಳಿ, ತೇವದ ಲೆಕ್ಕ) ನಾವೆಲ್ಲ ಬಳಸೋದು ಅಮೆರಿಕದವರು ಇಡೀ ಭೂಮಿಗೆ ಓಡಿಸೋ ಮಾಡೆಲ್ ಜಿಎಫ್‌ಎಸ್, ದಿನಕ್ಕೆ 4 ಸಲ ಬರತ್ತೆ. 00 ಯುಟಿಸಿ (ಜಗತ್ತಿಗೆಲ್ಲ ಒಂದೇ ಟೈಮು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಅಂದ್ರೆ ನಮ್ ಬೆಳಗ್ಗೆ 5:30, ಆದ್ರೆ ಆ ಡೇಟಾ ಡೌನ್‌ಲೋಡ್‌ಗೆ ಸಿಗೋಕೆ ಶುರುವಾಗೋದು 9 ಗಂಟೆ ಹೊತ್ತಿಗೆ. ಬೇಕಾದ 36 ಗಂಟೆದು ಒಂಬತ್ತೂವರೆ ಆಸುಪಾಸು ಕೈಗೆ ಬರತ್ತೆ (ಇಡೀ ಭೂಮಿದು ಇಳಿಸ್ಕೋಬೇಡಿ, ಗ್ರಿಬ್ ಫಿಲ್ಟರ್ ಹಾಕಿ ನಮ್ ಏರಿಯಾ ಮಾತ್ರ ತಗೊಳ್ಳಿ). ರನ್‌ಗೆ ಒಂದೂವರೆ ಗಂಟೆ, ಮ್ಯಾಪಿಗೆ ಅರ್ಧ ಗಂಟೆ ಅಂದ್ರೂ ಹನ್ನೊಂದೂವರೆಗೆ ರೆಡಿ. ಬೇಸಿಗೆ ಗುಡುಗು ಮಳೆ ಜಾಸ್ತಿ ಬರೋದು ಮಧ್ಯಾಹ್ನ ಮೂರರ ಮೇಲೆ, ಟೈಮ್ ಇದೆ.

ಬೆಳಗ್ಗೆ ಬ್ರೀಫಿಂಗಿಗೆ ಬೇಕು ಅಂದ್ರೆ ಹಿಂದಿನ ರಾತ್ರಿಯ 18 ಯುಟಿಸಿ, ಅಂದ್ರೆ ರಾತ್ರಿ 11:30ರದ್ದು ತಗೊಳ್ಳಿ. ಬೆಳಗಿನ ಜಾವ ಮೂರಕ್ಕೆ ಡೇಟಾ ಬರತ್ತೆ, ಕ್ರಾನ್‌ಗೆ (ಹೇಳಿದ ಟೈಮಿಗೆ ಕಂಪ್ಯೂಟರ್ ತಾನೇ ಓಡಿಸೋ ಸವಲತ್ತು) ಹಾಕಿ ಮಲಗಿದ್ರೆ ಆರು ಗಂಟೆಗೆ ಮ್ಯಾಪ್ ಕಾಯ್ತಿರತ್ತೆ. ಇದ್ರಲ್ಲಿ ಇನ್ನೊಂದ್ ಲಾಭ ಇದೆ. ಎರಡೂ ರನ್ ಒಂದೇ ಕಥೆ ಹೇಳಿದ್ರೆ ಧೈರ್ಯ ಜಾಸ್ತಿ, ಬೇರೆ ಬೇರೆ ಹೇಳಿದ್ರೆ ನಿಮ್ ಬಾಯಿ ಸ್ವಲ್ಪ ಬಿಗಿ ಹಿಡೀರಿ. ರನ್ ಶುರುವಾದ ಮೊದಲ 6 ಗಂಟೆ ಮಳೆನ ನಂಬ್ಬೇಡಿ, ಜಿಎಫ್‌ಎಸ್ ಕೊಟ್ಟ ದಪ್ಪ ಚಿತ್ರದಿಂದ ಮಾಡೆಲ್ಲು ತನ್ನದೇ ಮೋಡ ಕಟ್ಕೊಳ್ಳೋಕೆ ಅಷ್ಟ್ ಹೊತ್ತು ಬೇಕು.

ಮತ್ತೆ ಮ್ಯಾಪ್ ಮೇಲೆ ಯುಟಿಸಿ ಬರೀಬೇಡಿ, ಬರೀಲೇಬೇಡಿ. ನಾನೊಂದ್ ಸಲ 12:00 ಅಂತ ಇರೋ ಮ್ಯಾಪ್ ಕಳ್ಸಿ, ನೋಡ್ದವರು ಅದನ್ನ ಮಧ್ಯಾಹ್ನ ಹನ್ನೆರಡು ಅಂತ ಓದ್ಕೊಂಡು, ಮಳೆ ಬರ್ಲಿಲ್ಲ ನಿಮ್ ಮಾಡೆಲ್ ಸುಳ್ಳು ಅಂತ ಒಂದ್ ಗಂಟೆಗೆ ಪಕ್ಕಕ್ಕಿಟ್ರು. 12 ಯುಟಿಸಿ ಅಂದ್ರೆ ಸಂಜೆ ಐದೂವರೆ. ಮಳೆ ಬಂದಿದ್ದು ಐದೂ ಮುಕ್ಕಾಲಿಗೆ. ತಪ್ಪು ಪೂರ್ತಿ ನಂದೇ.

ಸ್ಟೆಪ್ 3: ಡೊಮೈನ್

ಡೊಮೈನ್ ಅಂದ್ರೆ ಮಾಡೆಲ್ ಲೆಕ್ಕ ಹಾಕೋ ಏರಿಯಾದ ಡಬ್ಬ, ಒಂದರೊಳಗೊಂದು ಎರಡು. ಹೊರಗಿಂದು 9 ಕಿಮೀ, ಒಳಗಿಂದು 3 ಕಿಮೀ. ದಕ್ಷಿಣ ಕರ್ನಾಟಕಕ್ಕೆ ಅಂದ್ರೆ ಒಳಗಿನ ಡಬ್ಬ ಅರಬ್ಬಿ ಸಮುದ್ರದಲ್ಲಿ ಸ್ವಲ್ಪ ಆಚೆಯಿಂದ ಶುರುವಾಗಿ ಚೆನ್ನೈ ಕರಾವಳಿವರೆಗೆ ಇರ್ಲಿ, ಸುಮಾರು 280 × 181 ಪಾಯಿಂಟ್ ಆಗತ್ತೆ (ಒಂದ್ ಕಳೆದ್ರೆ ಮೂರರಿಂದ ಭಾಗ ಹೋಗ್ಬೇಕು, ಇಲ್ಲಾಂದ್ರೆ ಮಾಡೆಲ್ಲೇ ಬೈಯುತ್ತೆ). ಬೆಂಗಳೂರಿಗೆ ಚೆನ್ನೈ ಯಾಕೆ ಅಂತೀರಾ? ಪೂರ್ವದ ಸಮುದ್ರದಿಂದ ಬರೋ ತೇವದ ಗಾಳಿ ಸಂಜೆ ಹೊತ್ತಿಗೆ ಒಳನಾಡಿನ ಕಡೆ ತಳ್ಕೊಂಡು ಬರತ್ತೆ, ಪಶ್ಚಿಮದಿಂದ ಬರೋ ಗಾಳಿ ಜೊತೆ ಎಲ್ಲಿ ಡಿಕ್ಕಿ ಹೊಡೆಯುತ್ತೋ ಅಲ್ಲಿ ಮೋಡ ಏಳತ್ತೆ. ಆ ಎರಡೂ ಗಾಳಿ ಹುಟ್ಟೋ ಜಾಗ ಡಬ್ಬದ ಒಳಗೇ ಇರ್ಬೇಕು. ಡಬ್ಬದ ಅಂಚು ಘಟ್ಟದ ಮೇಲೆ ಮಾತ್ರ ಬೀಳಬಾರ್ದು, ಅಂಚಲ್ಲಿ ಬೆಟ್ಟ ಇದ್ರೆ ಸುಳ್ಳು ಮಳೆ ಹುಟ್ಟತ್ತೆ.

1 ಕಿಮೀ ಹಾಕ್ಬೋದಲ್ವಾ? ಹಾಕ್ಬೋದು, 27 ಪಟ್ಟು ಲೆಕ್ಕ ಜಾಸ್ತಿ ಆಗತ್ತೆ, ಉದ್ದಕ್ಕೆ ಮೂರು ಅಗಲಕ್ಕೆ ಮೂರು ಟೈಮಿಗೆ ಮೂರು. ಅದೇ ಶಕ್ತಿಲಿ 3 ಕಿಮೀದು ಐದು ರನ್ ಬೇರೆ ಬೇರೆ ಥರ ಹಾಕಿ ಇನ್ನೂ ಮಿಗಿಸ್ಬೋದು. ನನ್ ಓಟು ಯಾವಾಗ್ಲೂ ಐದು ರನ್ನಿಗೆ. 1 ಕಿಮೀ ಮ್ಯಾಪ್ ನೋಡೋಕೆ ರಾಡಾರ್ ಚಿತ್ರದ ಥರ ಇರತ್ತೆ, ಅದೇ ಅಪಾಯ, ಅಷ್ಟು ಚೆನ್ನಾಗಿರೋದನ್ನ ನೋಡಿದ್ರೆ ಮನಸ್ಸು ನಂಬ್ಬಿಡತ್ತೆ.

ಇನ್ನೆರಡು ಸಣ್ಣ ಕೆಲ್ಸ. ಡೀಫಾಲ್ಟ್ ಆಗಿ ಬರೋ ಭೂಬಳಕೆ ಡೇಟಾ ಹಳೇದು, ಅದರ ಪ್ರಕಾರ ಬೆಂಗಳೂರಿನ ಹೊರಗಡೆ ಇನ್ನೂ ರಾಗಿ ಹೊಲ ಇದೆ, ಹೊಸ ಡೇಟಾ ಹಾಕ್ಕೊಳ್ಳಿ. ಮತ್ತೆ ಕೆಆರ್‌ಎಸ್, ಲಿಂಗನಮಕ್ಕಿ ಥರದ ದೊಡ್ಡ ನೀರಿನ ಉಷ್ಣಾಂಶ ಚೆಕ್ ಮಾಡಿ. ಕೆಲವು ಸಲ ಮಾಡೆಲ್ಲು ಸಮುದ್ರದ ಉಷ್ಣಾಂಶ ಎಳ್ಕೊಂಡು ಬಂದು ಕೆರೆಗೆ ಅಂಟಿಸಿರತ್ತೆ, ಆಗ ಕೆರೆ ಮೇಲೇ ಮೋಡ ಕಟ್ಟಿ ನೀವು ತಲೆ ಕೆರ್ಕೋಬೇಕು.

ಸ್ಟೆಪ್ 4: ಫಿಸಿಕ್ಸ್

ಇದ್ರಲ್ಲಿ ಜಾಸ್ತಿ ಹೊತ್ತು ಕಳೀಬೇಡಿ. 3 ಕಿಮೀ ಡೊಮೈನ್‌ನಲ್ಲಿ ಕ್ಯುಮ್ಯುಲಸ್ ಸ್ಕೀಮ್ (ಗ್ರಿಡ್‌ಗಿಂತ ಸಣ್ಣ ಮೋಡಗಳನ್ನ ಅಂದಾಜು ಮಾಡೋ ಲೆಕ್ಕ) ಆಫ್, 9ರಲ್ಲಿ ಆನ್. ಮೋಡದ ಮೈಕ್ರೊಫಿಸಿಕ್ಸ್‌ಗೆ (ಮೋಡದೊಳಗೆ ಹನಿ, ಹಿಮ ಆಗೋ ಲೆಕ್ಕ) ಥಾಂಪ್ಸನ್, ಮಾರಿಸನ್, ಡಬ್ಲ್ಯುಎಸ್‌ಎಂ6 ಮೂರನ್ನೂ ಬೇರೆ ಬೇರೆ ರನ್‌ನಲ್ಲಿ ಹಾಕಿ, ಗಾಳಿಯ ಕೆಳಪದರಕ್ಕೆ ಒಂದ್ ಎರಡು ಸ್ಕೀಮ್ ಬದಲಾಯ್ಸಿ, ಐದು ರನ್ ಆಯ್ತು. ಟೈಮ್ ಸ್ಟೆಪ್ಪು (ಮಾಡೆಲ್ ಒಂದೊಂದ್ ಸಲ ಎಷ್ಟು ಟೈಮು ಮುಂದೆ ಹಾರತ್ತೆ ಅನ್ನೋದು) ಕಿಮೀಯ ಆರು ಪಟ್ಟು ಸೆಕೆಂಡು ಅಂತ ಎಲ್ರೂ ಹೇಳ್ತಾರೆ, 9 ಕಿಮೀಗೆ 54, ಆದ್ರೆ ಘಟ್ಟದ ಕಡಿದಾದ ಇಳಿಜಾರಲ್ಲಿ ಅದು ಸಿಡಿದು ರನ್ ಅರ್ಧಕ್ಕೆ ನಿಲ್ಲೋದುಂಟು, ಅದೂ ಜೋರ್ ಗಾಳಿ ಇರೋ ದಿನಾನೇ, ಅಂದ್ರೆ ನಿಮಗೆ ಬೇಕಾದ ದಿನಾನೇ. 45 ಹಾಕಿ, ಒಳಗಿಂದಕ್ಕೆ 15 ಆಗತ್ತೆ, ಸ್ವಲ್ಪ ನಿಧಾನ ಆದ್ರೂ ನೆಮ್ಮದಿ.

ಸ್ಟೆಪ್ 5: ಏನೇನ್ ಮ್ಯಾಪ್ ಮಾಡ್ಬೇಕು

ಆರೇ ಆರು. ಗಂಟೆ ಗಂಟೆಯ ಮಳೆ, ಗಂಟೆಯೊಳಗಿನ ಗರಿಷ್ಠ ರಿಫ್ಲೆಕ್ಟಿವಿಟಿ (ರಾಡಾರ್‌ಗೆ ಮಳೆಮೋಡ ಎಷ್ಟು ಜೋರಾಗಿ ಕಾಣತ್ತೆ ಅನ್ನೋದು), ಗಂಟೆಯೊಳಗಿನ ಗರಿಷ್ಠ ಗಾಳಿ, 850 ಹೆಕ್ಟೊಪಾಸ್ಕಲ್ (ಸುಮಾರು ಒಂದೂವರೆ ಕಿಮೀ ಎತ್ತರದ) ಗಾಳಿ ಮತ್ತು ತೇವ, ಕೇಪ್ (ಮೋಡ ಮೇಲೇಳೋಕೆ ಗಾಳಿಲಿರೋ ಶಕ್ತಿ) ಮತ್ತು ಅದನ್ನ ತಡೆಯೋ ಸಿನ್, ಕೊನೇದಾಗಿ 2 ಮೀಟರ್ ಉಷ್ಣಾಂಶ. ಕೊನೇದು ಯಾಕೆ ಅಂದ್ರೆ ಮೋಡ ಸುರಿದಾಗ ಕೆಳಗೆ ಹರಡೋ ತಣ್ಣನೆ ಗಾಳಿ ಆ ಮ್ಯಾಪಲ್ಲಿ ನೀಲಿ ಮಚ್ಚೆ ಥರ ಕಾಣತ್ತೆ, ಅದು ಯಾವ ಕಡೆ ಹರಡ್ತಿದೆಯೋ ಆ ಕಡೆ ಮುಂದಿನ ಮೋಡ ಏಳೋ ಚಾನ್ಸ್ ಜಾಸ್ತಿ. ಗರಿಷ್ಠದ ಮ್ಯಾಪ್ ಬೇಕು ಅಂದ್ರೆ ನೇಮ್‌ಲಿಸ್ಟ್‌ನಲ್ಲಿ (ಮಾಡೆಲ್ಲಿನ ಸೆಟ್ಟಿಂಗ್ ಫೈಲು) ಆ ಡಯಾಗ್ನಾಸ್ಟಿಕ್ಸ್ ಮೊದ್ಲೇ ಆನ್ ಮಾಡಿರ್ಬೇಕು. ಇಲ್ಲಾಂದ್ರೆ ಸರಿಯಾಗಿ ಐದು ಗಂಟೆಗೆ ಏನಿತ್ತೋ ಅದು ಮಾತ್ರ ಸಿಗತ್ತೆ, ಐದೂ ಇಪ್ಪತ್ತಕ್ಕೆ ಬಂದು ಹೋದ ಬಿರುಗಾಳಿ ಲೆಕ್ಕಕ್ಕೇ ಬರಲ್ಲ. ಮಾಡೆಲ್ಲು ಮಳೆನ ಶುರುವಿಂದ ಕೂಡ್ಸ್ಕೊಂಡು ಹೋಗತ್ತೆ ಅನ್ನೋದೂ ನೆನಪಿರ್ಲಿ, ಗಂಟೆ ಮಳೆ ಬೇಕಂದ್ರೆ ಹಿಂದಿನ ಗಂಟೆದು ಕಳೀಬೇಕು.

ಸ್ಟೆಪ್ 6: ಮಾಡೆಲ್ ತೆರೆಯೋಕ್ ಮುಂಚೆ ಆಕಾಶ ನೋಡಿ

ಈ ಸ್ಟೆಪ್ಪನ್ನ ಹಾರಿಸೋವ್ರೇ ಜಾಸ್ತಿ, ನಂಗೆ ಇದೇ ಎಲ್ಲಕ್ಕಿಂತ ಮುಖ್ಯ. ಬೆಂಗಳೂರು, ಮಂಗಳೂರು, ಚೆನ್ನೈದು ಬೆಳಗಿನ ಬಲೂನ್ ಡೇಟಾ ನೋಡಿ, ಇನ್‌ಸ್ಯಾಟ್ ಸ್ಯಾಟಲೈಟ್ ಚಿತ್ರ ನೋಡಿ. ಆಮೇಲೆ 11 ಗಂಟೆ, 12 ಗಂಟೆಗೆ ನೆಲದ ಸ್ಟೇಷನ್ನುಗಳಲ್ಲಿ ಉಷ್ಣಾಂಶ, ಡ್ಯೂ ಪಾಯಿಂಟ್ (ಗಾಳಿಲಿ ತೇವ ಎಷ್ಟಿದೆ ಅನ್ನೋದರ ಅಳತೆ), ಗಾಳಿ ದಿಕ್ಕು ಏನಿದೆ, ಮಾಡೆಲ್ ಅದೇ ಟೈಮಿಗೆ ಏನ್ ಹೇಳಿತ್ತು ಅಂತ ಪಕ್ಕಪಕ್ಕ ಇಟ್ಟು ನೋಡಿ. ಮಾಡೆಲ್ಲಲ್ಲಿ ಡ್ಯೂ ಪಾಯಿಂಟ್ 21 ಇದ್ದು ಹೊರಗೆ 17 ಇದ್ರೆ ಆ ಕೇಪ್ ಎಲ್ಲಾ ಬರೀ ಹಾಳೆ ಮೇಲಿನ ಕೇಪು, ಸಂಜೆ ಮಳೆ ಮಾಡೆಲ್ ಹೇಳಿದ್ದಕ್ಕಿಂತ ಸಪ್ಪೆ ಆಗೋ ಸಾಧ್ಯತೆನೇ ಹೆಚ್ಚು. ಬೆಳಗ್ಗೆ ಮೋಡ ಕವ್ಕೊಂಡಿದ್ದು ಮಾಡೆಲ್ಲಲ್ಲಿ ಬಿಸಿಲಿದ್ರೂ ಅಷ್ಟೆ. ಐದು ರನ್‌ನಲ್ಲಿ ಈಗಿನ ಆಕಾಶಕ್ಕೆ ಹತ್ರ ಇರೋ ಎರಡನ್ನ ಆರಿಸ್ಕೊಂಡು ಅವಕ್ಕೆ ಕಿವಿ ಜಾಸ್ತಿ ಕೊಡಿ, ಉಳಿದದ್ದನ್ನ ಪೂರ್ತಿ ಬಿಸಾಕ್ಬೇಡಿ.

ಬೆಂಗಳೂರಿನ ಕಷ್ಟ ಒಂದಿದೆ. ಚೆನ್ನೈ ರಾಡಾರ್‌ಗೂ ನಮಗೂ ಸುಮಾರು 290 ಕಿಮೀ, ಭೂಮಿ ಗುಂಡಗಿರೋದ್ರಿಂದ ಅರ್ಧ ಡಿಗ್ರಿ ಮೇಲಕ್ಕೆತ್ತಿ ಬಿಟ್ಟ ಕಿರಣ ಇಲ್ಲಿಗೆ ಬರೋ ಹೊತ್ತಿಗೆ ಸಮುದ್ರಮಟ್ಟದಿಂದ 7 ಕಿಮೀ ಮೇಲಿರತ್ತೆ. ಅಂದ್ರೆ ಅದಕ್ಕೆ ನಮ್ ಮೋಡದ ತಲೆ ಕಾಣತ್ತೆ, ಹೊಟ್ಟೆ ಕಾಣಲ್ಲ. ಎಳೆ ಮೋಡ ಅಂತೂ ಕಾಣೋದೇ ಇಲ್ಲ. ಅದಕ್ಕೆ ಕೆಎಸ್‌ಎನ್‌ಡಿಎಂಸಿಯ ಮಳೆಮಾಪಕಗಳ ಮೇಲೆ ಒಂದ್ ಕಣ್ಣು ಇರ್ಲಿ, ಗ್ರಾಮ ಪಂಚಾಯ್ತಿ ಮಟ್ಟಕ್ಕೆ ಹಾಕಿದಾರೆ, 15 ನಿಮಿಷಕ್ಕೊಂದ್ಸಲ ಡೇಟಾ ಬರತ್ತೆ, ಇಷ್ಟು ದಟ್ಟವಾದ ಜಾಲ ಇರೋದು ನಮ್ ಅದೃಷ್ಟ. ಸಿಡಿಲಿಗೆ ಐಐಟಿಎಂನ ದಾಮಿನಿ ಆ್ಯಪ್ ಇದೆ.

ಸ್ಟೆಪ್ 7: ಓದೋದು ಹೇಗೆ

3 ಕಿಮೀ ಮಾಡೆಲ್ ಅಂದ್ರೆ 3 ಕಿಮೀದು ಕಾಣತ್ತೆ ಅಂತಲ್ಲ. ಒಂದು ಆಕಾರನ ಸರಿಯಾಗಿ ಹಿಡಿಯೋಕೆ ಆರೇಳು ಗ್ರಿಡ್ ಬೇಕು, ಅಂದ್ರೆ ಅದರ ನಿಜವಾದ ಕಣ್ಣು ಸುಮಾರು 20 ಕಿಮೀದು. ಈ 20 ಕಿಮೀ ಬೆಂಗಳೂರಲ್ಲಿ ಎಷ್ಟ್ ದೊಡ್ಡದು ಅಂದ್ರೆ, ಮೋಡ ಅಷ್ಟು ಪಕ್ಕಕ್ಕೆ ಸರಿದ್ರೆ ಹೆಬ್ಬಾಳ ಕಣಿವೆಗೆ ಹೋಗ್ಬೇಕಾದ ನೀರು ವೃಷಭಾವತಿ ಕಡೆ ಹೋಗತ್ತೆ, ಇಲ್ಲಾ ಕೋರಮಂಗಲ-ಚಲ್ಲಘಟ್ಟ ಕಣಿವೆ ಹಿಡ್ಕೊಂಡು ಬೆಳ್ಳಂದೂರು ಸೇರತ್ತೆ. ಮುಳುಗೋ ಮನೆಗಳೇ ಬೇರೆ. ಅದಕ್ಕೆ ಮಾಡೆಲ್ ಮ್ಯಾಪಲ್ಲಿ ಕೆಂಪು ಚುಕ್ಕೆ ಮಾರತ್‌ಹಳ್ಳಿ ಮೇಲಿದೆ ಅಂತ ಮಾರತ್‌ಹಳ್ಳಿ ಹೆಸರು ಹೇಳಿದ್ರೆ ಅದು ಗಿಳಿಶಾಸ್ತ್ರ.

ಸರಿಯಾದ ದಾರಿ ಇದು. ಪ್ರತಿ ಪಾಯಿಂಟ್ ಸುತ್ತ 20 ಕಿಮೀ ಸುತ್ತು ಎಳೀರಿ, ಆ ಸುತ್ತಿನೊಳಗೆ ಎಲ್ಲಾದ್ರೂ ಗಂಟೆಗೆ 40 ಮಿಮೀ ದಾಟಿದೆಯಾ ಅಂತ ಐದೂ ರನ್‌ನಲ್ಲಿ ನೋಡಿ, ಐದರಲ್ಲಿ ಎಷ್ಟು ಅಂತ ಎಣಿಸಿ. ಪೈಥಾನಲ್ಲಿ ಹತ್ತು ಸಾಲಿನ ಕೆಲ್ಸ. ಜಾಗ ಮಸುಕಾಗತ್ತೆ, ಆದ್ರೆ ಹೇಳಿದ ಮಾತು ನಿಲ್ಲತ್ತೆ. ಟೈಮು ಮತ್ತು ಮಳೆಯ ಥರ ಮಾತ್ರ ರನ್ ರನ್‌ಗೂ ಬಿಡಿಸಿ ನೋಡಿ, ಅಲ್ಲಿ ಸರಾಸರಿ ತೆಗೆದ್ರೆ ಎಲ್ಲಾ ಸೇರಿ ಗಂಜಿ ಆಗತ್ತೆ, ಐದು ರನ್‌ನ ಐದು ಜೋರು ಮಳೆ ಸರಾಸರಿಲಿ ಒಂದು ತುಂತುರು ಮಳೆ ಆಗ್ಬಿಡತ್ತೆ.

ಇನ್ನು ಅತಿ ಕೆಟ್ಟ ರನ್. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿಗೆ ಸುರಿದದ್ದು 131.6 ಮಿಮೀ, ಔಟರ್ ರಿಂಗ್ ರೋಡ್ ಕೆರೆ ಆಯ್ತು. 2024ರ ಜೂನ್ 2ಕ್ಕೆ 111.1 ಮಿಮೀ. ಇಂಥ ಸಂಖ್ಯೆ ಐದರಲ್ಲಿ ಒಂದೇ ರನ್‌ನಲ್ಲಿ ಬಂದ್ರೆ ಹುಚ್ಚು ರನ್ ಅಂತ ಅಳಿಸ್ಬೇಡಿ. ಅದ್ರಲ್ಲಿ ಏನ್ ಆಗಿದೆ ನೋಡಿ, ಒಂದೇ ಜಾಗದಲ್ಲಿ ಮೋಡ ಮತ್ತೆ ಮತ್ತೆ ಹುಟ್ತಿದೆಯಾ, ಮೇಲಿನ ಗಾಳಿ ಸತ್ತು ಮೋಡ ಜಾಗ ಬಿಟ್ಟು ಕದಲ್ತಿಲ್ವಾ. ಕಾರಣ ಒಪ್ಪೋ ಥರ ಇದ್ರೆ ಕೆಟ್ಟದ್ದು ಹೀಗಾಗ್ಬೋದು ಅಂತ ಒಂದ್ ಸಾಲು ಬರೀರಿ.

ಸ್ಟೆಪ್ 8: ಮೆಸೇಜ್

ಮ್ಯಾಪ್ ಒಂದೋ ಎರಡೋ, ಮಾತು ನಾಲ್ಕೈದು ಸಾಲು. ನಮೂನೆಗೆ ಹೀಗೆ:

"ಇವತ್ತು ಸಂಜೆ 4ರಿಂದ 8, ಬೆಂಗಳೂರು ನಗರ, ಕನಕಪುರ, ರಾಮನಗರ ಬೆಲ್ಟಲ್ಲಿ ಗುಡುಗು ಮಳೆ, 5ರಲ್ಲಿ 4 ರನ್ ಹೇಳ್ತಿವೆ. ಬಿಡಿ ಮೋಡವಾಗಿ ಶುರುವಾಗಿ 6ರ ಮೇಲೆ ಸಾಲಾಗೋ ಸಾಧ್ಯತೆ. ನಗರದ 20 ಕಿಮೀ ಒಳಗೆ ಎಲ್ಲಾದ್ರೂ ಗಂಟೆಗೆ 40 ಮಿಮೀ ದಾಟೋದು 5ರಲ್ಲಿ 3. ಕೆಟ್ಟದ್ದು: ಒಂದೇ ಕಡೆ 80-90 ಮಿಮೀ, 1 ರನ್. ಮಧ್ಯಾಹ್ನ 2ಕ್ಕೂ ಮೋಡ ಮುಸುಕಿದ್ರೆ ಇದನ್ನ ಬಿಟ್ಟುಬಿಡಿ."

ಕೊನೇ ಸಾಲು ನೋಡಿ, ಅದೇ ಫೋರ್‌ಕಾಸ್ಟರ್‌ಗೆ ನಿಜವಾಗ್ಲೂ ಉಪಯೋಗ. ನಿಮ್ ಮಾತು ಯಾವಾಗ ಸುಳ್ಳಾಗತ್ತೆ ಅಂತ ನೀವೇ ಹೇಳಿಟ್ರೆ ಅವರು ಕಿಟಕಿಯಿಂದ ಆಚೆ ನೋಡಿ ತೀರ್ಮಾನ ಮಾಡ್ತಾರೆ, ನಿಮಗೆ ಫೋನ್ ಮಾಡ್ಬೇಕಾಗಿಲ್ಲ. ಪ್ರಾಯಶಃ, ಬಹುಶಃ ಅಂತ ರಾಗ ಎಳೀಬೇಡಿ, 5ರಲ್ಲಿ 3 ಅಂತ ಬರೀರಿ. ಐಎಂಡಿ ಪದಗಳನ್ನ ಬಳಸಿದ್ರೆ ಅವರ ಅರ್ಥದಲ್ಲೇ ಬಳಸಿ, 24 ಗಂಟೆಲಿ 64.5 ಮಿಮೀಯಿಂದ ಭಾರಿ, 115.6ರಿಂದ ಅತಿ ಭಾರಿ, 204.5ರಿಂದ ಮೇಲೆ ಅತ್ಯಂತ ಭಾರಿ. ನಮಗೆ ಭಾರಿ ಅನ್ಸಿದ್ದೆಲ್ಲ ಭಾರಿ ಅಲ್ಲ.

ಸ್ಟೆಪ್ 9: ಮಳೆ ಶುರುವಾದ್ಮೇಲೆ

ಬಾಯಿ ಮುಚ್ಕೊಂಡಿರಿ. ಮುಂದಿನ ಮೂರು ಗಂಟೆ ಸ್ಯಾಟಲೈಟ್, ರಾಡಾರ್, ಸಿಡಿಲು, ಮಳೆಮಾಪಕದ್ದು, ಮಾಡೆಲ್ದಲ್ಲ. ಅವರು ಕೇಳಿದ್ರೆ ಮಾತ್ರ ಇನ್ನೊಂದ್ ರೌಂಡ್ ಇದೆಯಾ ಅನ್ನೋದಕ್ಕೆ ಉತ್ರ ಕೊಡಿ. ಮತ್ತೆ ಯುಪಿಎಸ್ ಚೆಕ್ ಮಾಡಿರಿ, ಮಳೆ ಬರೋ ದಿನಾನೇ ಕರೆಂಟ್ ಹೋಗೋದು.

ಘಟ್ಟ, ಕರಾವಳಿಗೆ ಬೇರೆ ಲೆಕ್ಕ

ಮೇಲಿಂದೆಲ್ಲ ಬೇಸಿಗೆಯ ಗುಡುಗು ಮಳೆಗೆ. ಜೂನ್ ಆದ್ಮೇಲೆ ಘಟ್ಟದಲ್ಲಿ ಆಟವೇ ಬೇರೆ, ಅಲ್ಲಿ ಮಳೆ ಎಲ್ಲಿ ಅನ್ನೋದನ್ನ ಬೆಟ್ಟವೇ ಹೇಳತ್ತೆ, ಮಾಡೆಲ್ಲಿಗೆ ಬೆಟ್ಟ ಸರಿಯಾಗಿ ಕಂಡ್ರೆ ಸಾಕು. 25 ಕಿಮೀ ಗ್ರಿಡ್ಡಲ್ಲಿ ಕುದುರೆಮುಖ, ಮುಳ್ಳಯ್ಯನಗಿರಿ ಎಲ್ಲಾ ಸವೆದು ದಿಬ್ಬ ಆಗಿರತ್ತೆ, ಆಗುಂಬೆಗೂ ಅದರ ಹಿಂದಿನ ಬಯಲಿಗೂ ವ್ಯತ್ಯಾಸ ಕಾಣಲ್ಲ. 3 ಕಿಮೀಲಿ ಘಟ್ಟದ ಗೋಡೆ ಎದ್ದು ನಿಲ್ಲತ್ತೆ, ವರ್ಷಕ್ಕೆ 7 ಸಾವಿರ ಮಿಮೀ ದಾಟೋ ಆಗುಂಬೆ ಒಂದ್ ಕಡೆ, 500ರ ಆಸುಪಾಸಿನ ಚಳ್ಳಕೆರೆ ಇನ್ನೊಂದ್ ಕಡೆ ಯಾಕಿದೆ ಅಂತ ಮ್ಯಾಪ್ ನೋಡಿದ್ರೇ ತಿಳಿಯುತ್ತೆ. ಇಲ್ಲಿ ನೋಡ್ಬೇಕಾದ್ದು 850ರ ಪಶ್ಚಿಮ ಗಾಳಿ ಎಷ್ಟು ಜೋರಿದೆ, ಘಟ್ಟಕ್ಕೆ ನೇರ ಹೊಡೀತಿದೆಯಾ ಓರೆಯಾಗಾ, ಎಷ್ಟ್ ದಿನ ಹೀಗೇ ಇರತ್ತೆ.

ಗುಡ್ಡ ಕುಸಿತದ ವಿಷಯದಲ್ಲಿ ಮಾತ್ರ ಮಾಡೆಲ್ ಒಂದನ್ನೇ ನಂಬಿ ಮಾತಾಡ್ಬೇಡಿ. 2018ರ ಆಗಸ್ಟಲ್ಲಿ ಕೊಡಗು, 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರು, ಇಂಥ ಕಡೆ ಅವತ್ತಿನ ಮಳೆ ಎಷ್ಟು ಅನ್ನೋದರ ಜೊತೆಗೆ ಹಿಂದಿನ ದಿನಗಳಲ್ಲಿ ಮಣ್ಣು ಎಷ್ಟು ನೀರು ಕುಡಿದಿತ್ತು, ಗುಡ್ಡದ ಬುಡ ಎಷ್ಟು ಕಡಿದಿದಾರೆ ಅನ್ನೋದೂ ಸೇರತ್ತೆ. ಮಳೆಮಾಪಕದಿಂದ ಕಳೆದ ವಾರದ ಮೊತ್ತ ತೆಗೆದು, ಅದರ ಮೇಲೆ ಮಾಡೆಲ್ಲಿನ ಮುಂದಿನ 36 ಗಂಟೆ ಕೂಡ್ಸಿ ಒಂದೇ ಮ್ಯಾಪ್ ಮಾಡಿ ಕೊಡಿ, ಬೆಟ್ಟ ಬಲ್ಲವರು ಅದನ್ನ ಓದ್ಕೊಳ್ತಾರೆ.

ಸ್ಟೆಪ್ 10: ಮಾರನೇ ದಿನ

ಲೆಕ್ಕ ತಾಳೆ ನೋಡೋವಾಗ ಒಂದ್ ಗುಂಡಿ ಇದೆ, ಹೊಸಬರು ಬಹಳ ಜನ ಬೀಳ್ತಾರೆ. ಐಎಂಡಿಯ ಮಳೆ ದಿನ ಬೆಳಗ್ಗೆ 8:30ರಿಂದ 8:30, ಅಂದ್ರೆ 03 ಯುಟಿಸಿಯಿಂದ 03. ಮಾಡೆಲ್ಲನ್ನ 00ಯಿಂದ 00 ಕೂಡ್ಸಿ ಹೋಲಿಸಿದ್ರೆ ಬೆಳಗಿನ ಮಳೆ ತಪ್ಪು ದಿನಕ್ಕೆ ಹೋಗತ್ತೆ. ಮತ್ತೆ ಪಾಯಿಂಟಿಗೆ ಪಾಯಿಂಟ್ ಹೋಲಿಸ್ಬೇಡಿ. ಮೋಡ 10 ಕಿಮೀ ಪಕ್ಕಕ್ಕೆ ಬಿದ್ರೆ ಬಂದ ಕಡೆ ಒಂದ್ ತಪ್ಪು, ಬರದ ಕಡೆ ಒಂದ್ ತಪ್ಪು ಅಂತ ಎರಡು ಸಲ ಏಟು ಬೀಳತ್ತೆ, ಮಳೆನೇ ತೋರಿಸದ ಸೋಮಾರಿ ಮಾಡೆಲ್ಲು ಗೆದ್ದುಬಿಡತ್ತೆ. ಅದೇ 20 ಕಿಮೀ ಸುತ್ತಿನ ಲೆಕ್ಕದಲ್ಲಿ ಹೋಲಿಸಿ, ಅದಕ್ಕೆ ಎಫ್‌ಎಸ್‌ಎಸ್ ಅನ್ನೋ ಸ್ಕೋರ್ ಇದೆ.

ಜೊತೆಗೆ ಒಂದ್ ಸಾದಾ ನೋಟ್‌ಬುಕ್ ಇಡಿ. ತಾರೀಖು, ಕಳಿಸಿದ ಮೆಸೇಜ್, ಆಗಿದ್ದೇನು, ಯಾವ ರನ್ ಹತ್ರ ಇತ್ತು, ಫೋರ್‌ಕಾಸ್ಟರ್ ಅದನ್ನ ಬಳಸಿದ್ರಾ ಇಲ್ವಾ. ಒಂದ್ ಸೀಸನ್ ಮುಗಿಯೋ ಹೊತ್ತಿಗೆ ನಿಮ್ ಸೆಟಪ್ಪಿನ ಚಾಳಿ ಗೊತ್ತಾಗತ್ತೆ. ನಮ್ದು ಬೇಸಿಗೆಲಿ ಮಳೆನ ಸ್ವಲ್ಪ ಬೇಗ ಶುರು ಮಾಡತ್ತೆ, ಈಗ ಅವರೇ "ನಿಮ್ ನಾಲ್ಕು ಅಂದ್ರೆ ನಮ್ ಐದು" ಅಂತ ತಿದ್ಕೊಂಡು ಓದ್ತಾರೆ.

ಫೈಲ್ ಇಡೋ ವಿಷಯ: ಈ ಡೊಮೈನ್‌ಗೆ ಗಂಟೆಗೊಂದು ಫೈಲ್ 200 ಎಂಬಿ ಆಸುಪಾಸು, 36 ಗಂಟೆ ಐದು ರನ್ ಅಂದ್ರೆ ದಿನಕ್ಕೆ 35-40 ಜಿಬಿ. ಎಲ್ಲಾ ಇಟ್ರೆ ಮುಂಗಾರು ಬರೋ ಮುಂಚೆ ಡಿಸ್ಕ್ ತುಂಬತ್ತೆ, ಡಿಸ್ಕ್ ತುಂಬಿದ ದಿನ ರನ್ ಸದ್ದಿಲ್ದೆ ಸಾಯತ್ತೆ. ಜೋರು ಮಳೆ ಬಂದ ದಿನದ್ದು ಮತ್ತೆ ಬರತ್ತೆ ಅಂದು ಬರದೇ ಇದ್ದ ದಿನದ್ದು ಎರಡನ್ನೂ ಪೂರ್ತಿ ಇಟ್ಕೊಳ್ಳಿ, ಉಳಿದ ದಿನಕ್ಕೆ ಆ ಆರು ಮ್ಯಾಪ್ ಸಾಕು.